ಗಂಟೆ ಹೊಡೆಯುವ ಮುಂಚೆ ಒಂದು ಚೀಟಿ

ಪಾಠ ಮುಗಿಸಿದ ಮೇಷ್ಟ್ರು "ಅರ್ಥ ಆಯ್ತೇನ್ರೋ?" ಅಂತ ಕೇಳುತ್ತಾರೆ. "ಆಯ್ತೂ ಸಾ..." ಅಂತ ಇಡೀ ತರಗತಿ ಒಂದೇ ರಾಗದಲ್ಲಿ ಹೇಳುತ್ತದೆ. ಉತ್ತರ ಕರ್ನಾಟಕದ ಕಡೆ ಅದೇ ರಾಗ "ತಿಳೀತ್ರೀ ಸರ" ಆಗುತ್ತದೆ, ಅಷ್ಟೇ ವ್ಯತ್ಯಾಸ. ಮಕ್ಕಳು ಸುಳ್ಳು ಹೇಳುತ್ತಿಲ್ಲ. ನೀವು ಹೇಳಿದ್ದು ಕೇಳಿಸಿತು, ಮುಂದೆ ಹೋಗಬಹುದು ಅನ್ನುತ್ತಿದ್ದಾರೆ. ಮುಂದಿನ ಬೆಂಚಿನ ಏಳೆಂಟು ಮಕ್ಕಳು ರಾಗ ಎತ್ತುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಯಾರಿಗೆ ಎಲ್ಲಿ ಎಡವಿತು ಅನ್ನುವುದು ಆ ದನಿಯೊಳಗೆ ಮುಳುಗಿಹೋಗುತ್ತದೆ. ಅದು ಮತ್ತೆ ಮೇಲೆ ಬರುವುದು ಎರಡು ತಿಂಗಳ ನಂತರ, ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ. ಅಷ್ಟರಲ್ಲಿ ಆ ಪಾಠದ ಮೇಲೆ ಇನ್ನೂ ಮೂರು ಪಾಠ ಪೇರಿಸಿಟ್ಟಿರುತ್ತೇವೆ.

ಈ ಎರಡು ತಿಂಗಳನ್ನು ಒಂದು ರಾತ್ರಿಗೆ ಇಳಿಸುವ ಸಾಧನ ತರಗತಿಯ ಕೊನೆಯಲ್ಲಿ ಬರೆಸುವ ಒಂದು ಪುಟ್ಟ ಚೀಟಿ. ಒಂದು ಪ್ರಶ್ನೆ, ಎರಡು ಮೂರು ಸಾಲಿನ ಉತ್ತರ, ನಾಲ್ಕು ನಿಮಿಷ. ನೋಡಲು ಇಷ್ಟೇ. ಆದರೆ ಇದನ್ನು ಶುರು ಮಾಡಿದವರಲ್ಲಿ ಬಹಳಷ್ಟು ಜನ ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಕಾರಣ ಸಾಮಾನ್ಯವಾಗಿ ಒಂದೇ: ಚೀಟಿ ಸಂಗ್ರಹವಾಗುತ್ತದೆ, ಮರುದಿನದ ಪಾಠ ಮಾತ್ರ ಬದಲಾಗುವುದಿಲ್ಲ. ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಬರೆದದ್ದಕ್ಕೆ ಏನೂ ಆಗುವುದಿಲ್ಲ ಅಂತ ಗೊತ್ತಾದ ದಿನದಿಂದ "ಪಾಠ ಚೆನ್ನಾಗಿತ್ತು ಸರ್" ಎಂಬ ಸಾಲು ನಲವತ್ತೈದು ಕೈಬರಹಗಳಲ್ಲಿ ಬರಲು ಶುರುವಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಾಳಿನ ತರಗತಿಯ ಮೊದಲ ಹತ್ತು ನಿಮಿಷವನ್ನು ಬದಲಿಸಿಕೊಳ್ಳುವ ಮನಸ್ಸಿಲ್ಲದ ದಿನ ಚೀಟಿ ಬರೆಸಬೇಡಿ.

ಈ ಪದ್ಧತಿ ಕಾಲೇಜಿನಿಂದ ಬಂದದ್ದು. ಅಮೆರಿಕದ ಬರ್ಕ್ಲಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಶ್ವಾರ್ಟ್ಸ್ ತರಗತಿಯ ಕೊನೆಗೆ ಒಂದು ನಿಮಿಷದ ಬರಹ ಬರೆಸುತ್ತಿದ್ದರು. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್, ಇವತ್ತಿನ ಪಾಠದಲ್ಲಿ ಅತ್ಯಂತ ಕೆಸರಾಗಿ, ಅಂದರೆ ತಿಳಿಯಾಗದೆ ಉಳಿದದ್ದು ಯಾವುದು ಎಂದು ಕೇಳುತ್ತಿದ್ದರು. 1989ರಲ್ಲಿ ಅದರ ಬಗ್ಗೆ ಬರೆದರು ಕೂಡ. ಆ ವಿದ್ಯಾರ್ಥಿಗಳು ದೊಡ್ಡವರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯುವ ಅಭ್ಯಾಸ ಇದ್ದವರು. ಅದೇ ಪ್ರಶ್ನೆಯನ್ನು ಹಾಗೇ ಎತ್ತಿ ನಮ್ಮ ಎಂಟನೇ ತರಗತಿಯಲ್ಲಿಟ್ಟರೆ ನಡೆಯುವುದಿಲ್ಲ. "ಏನು ಅರ್ಥವಾಗಲಿಲ್ಲ?" ಎಂದು ಕೇಳಿದರೆ "ಎಲ್ಲಾ ಅರ್ಥವಾಗಿದೆ" ಎಂದೇ ಬರುತ್ತದೆ. ಅರ್ಥವಾಗಿಲ್ಲ ಎಂದು ಬರೆಯುವುದು ಮೇಷ್ಟ್ರಿಗೆ ಅವಮಾನ ಮಾಡಿದಂತೆ ಎಂದು ಮಕ್ಕಳು ನಿಜವಾಗಿಯೂ ಭಾವಿಸುತ್ತಾರೆ. ಅವರ ಮರ್ಯಾದೆಯನ್ನೂ ನಮ್ಮ ಅಗತ್ಯವನ್ನೂ ಒಟ್ಟಿಗೆ ಕಾಯುವ ಪ್ರಶ್ನೆ ಬೇಕು. "ನಾಳೆ ಹತ್ತು ನಿಮಿಷ ಇದರ ಒಂದು ಭಾಗವನ್ನು ಮತ್ತೆ ಮಾಡುತ್ತೇನೆ, ಯಾವ ಭಾಗ ಮಾಡಲಿ?" ಎಂದು ಕೇಳಿ. ಉತ್ತರ ಬರುತ್ತದೆ.

"ಇವತ್ತು ಏನು ಕಲಿತಿರಿ?" ಎಂಬುದು ಇದಕ್ಕಿಂತ ದುರ್ಬಲ ಪ್ರಶ್ನೆ. ಕರಿಹಲಗೆಯ ಮೇಲಿನ ಶೀರ್ಷಿಕೆ ಹಾಗೇ ಚೀಟಿಗೆ ಇಳಿಯುತ್ತದೆ. ಪ್ರಶ್ನೆ ಯಾವುದೇ ಇರಲಿ, ಮೊದಲು ಹಲಗೆ ಒರೆಸಿ, ಪುಸ್ತಕ ಮುಚ್ಚಿಸಿ. ಮರೆಯಬಾರದ ಕೆಲಸ ಇದು. ಹಲಗೆ ಒರೆಸದೆ ತೆಗೆದುಕೊಂಡ ಚೀಟಿ ಮಕ್ಕಳ ಕಣ್ಣಿನ ಪರೀಕ್ಷೆ ಆಗುತ್ತದೆ, ಪಾಠದ್ದಲ್ಲ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ. ಸರಣಿ ಜೋಡಣೆ, ಅಂದರೆ ಒಂದರ ಹಿಂದೆ ಒಂದನ್ನು ಒಂದೇ ದಾರಿಯಲ್ಲಿ ಜೋಡಿಸುವುದನ್ನು, ಕಲಿಸಿ ಆಗಿದೆ, ಲೆಕ್ಕಗಳೂ ಆಗಿವೆ. ರೋಧಗಳನ್ನು (ರೆಸಿಸ್ಟೆನ್ಸ್) ಕೂಡಿಸಿ, ಅದರಿಂದ ವಿಭವಾಂತರವನ್ನು (ವೋಲ್ಟೇಜ್) ಭಾಗಿಸಿ ಪ್ರವಾಹ (ಕರೆಂಟ್) ಕಂಡುಹಿಡಿಯುವುದು ಬಹುತೇಕ ಮಕ್ಕಳಿಗೆ ಬರುತ್ತದೆ. ಚೀಟಿಯಲ್ಲಿ ಲೆಕ್ಕ ಕೇಳಬೇಡಿ, ಇದನ್ನು ಕೇಳಿ: "ಒಂದೇ ತರಹದ ಎರಡು ಬಲ್ಬುಗಳು ಸರಣಿಯಲ್ಲಿವೆ. ಬ್ಯಾಟರಿಯ ಧನ ತುದಿಗೆ ಹತ್ತಿರದ್ದು ಅ, ದೂರದ್ದು ಬ. ಯಾವುದು ಹೆಚ್ಚು ಬೆಳಗುತ್ತದೆ? ಯಾಕೆ?"

ಬರುವ ಉತ್ತರಗಳು ಮೂರು ಜಾತಿ. "ಅ ಜಾಸ್ತಿ ಬೆಳಗುತ್ತದೆ, ಕರೆಂಟ್ ಮೊದಲು ಅದಕ್ಕೆ ಸಿಗುತ್ತದೆ, ಉಳಿದದ್ದು ಬ ಗೆ ಹೋಗುತ್ತದೆ" ಎನ್ನುವುದು ಒಂದು. "ಎರಡೂ ಒಂದೇ, ಒಂದೇ ಪ್ರವಾಹ ಎರಡರಲ್ಲೂ ಹರಿಯುತ್ತದೆ" ಎನ್ನುವುದು ಇನ್ನೊಂದು. ಮೂರನೆಯದನ್ನು ಎರಡು ಸಲ ಓದಬೇಕು: "ಎರಡೂ ಒಂದೇ, ಕರೆಂಟ್ ಎರಡಕ್ಕೂ ಸಮವಾಗಿ ಹಂಚಿಹೋಗುತ್ತದೆ." ಉತ್ತರ ಸರಿ, ಕಾರಣ ತಪ್ಪು. ಸರಣಿಯಲ್ಲಿ ಪ್ರವಾಹ ಹಂಚಿಹೋಗುವುದಿಲ್ಲ, ಅಷ್ಟೂ ಪ್ರವಾಹ ಎರಡರ ಮೂಲಕವೂ ಸಾಗುತ್ತದೆ, ಹಂಚಿಹೋಗುವುದು ವಿಭವಾಂತರ. "ಯಾಕೆ" ಎಂಬ ಒಂದು ಪದ ಪ್ರಶ್ನೆಯಲ್ಲಿ ಇರದಿದ್ದರೆ ಈ ಮಗು ಕಲಿತವರ ಗುಂಪಿಗೆ ಸೇರಿಬಿಡುತ್ತಿತ್ತು. ಬಹು ಆಯ್ಕೆ ಪ್ರಶ್ನೆಯಲ್ಲಿ ಅಂಕವನ್ನೂ ಪಡೆಯುತ್ತಿತ್ತು. ಚೀಟಿಯ ಬೆಲೆ ಪೂರ್ತಿ ಇಂಥ ಸಾಲುಗಳಲ್ಲಿದೆ.

ಮೊದಲ ಜಾತಿಯ ಉತ್ತರ ಯಾಕೆ ಬರುತ್ತದೆ ಎಂದು ಯೋಚಿಸಿದರೆ ನಮ್ಮ ಮಾತೇ ಕಾಣುತ್ತದೆ. ಕನ್ನಡದಲ್ಲಿ ಕರೆಂಟ್ ಬರುತ್ತದೆ, ಹೋಗುತ್ತದೆ, ಖರ್ಚಾಗುತ್ತದೆ, ಉಳಿಯುತ್ತದೆ, ಅದಕ್ಕೆ ಬಿಲ್ಲೂ ಬರುತ್ತದೆ. "ಗೀಸರ್ ಹಾಕಬೇಡ, ಕರೆಂಟ್ ಜಾಸ್ತಿ ತಿನ್ನುತ್ತೆ" ಎಂದು ಕೇಳುತ್ತಾ ಬೆಳೆದ ಮಗುವಿಗೆ ಬಲ್ಬು ಕರೆಂಟನ್ನು ತಿನ್ನುವುದಿಲ್ಲ ಎಂದು ಒಂದು ಪೀರಿಯಡ್ಡಿನಲ್ಲಿ ಒಪ್ಪಿಸುವುದು ಸುಲಭವಲ್ಲ. ಮನೆಯ ಮಾತಿನ ಕರೆಂಟ್ ಅಂದರೆ ಶಕ್ತಿ, ಪುಸ್ತಕದ ಕರೆಂಟ್ ಅಂದರೆ ವಿದ್ಯುತ್ ಪ್ರವಾಹ. ಬೆಸ್ಕಾಂ, ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಒಂದು ಕಿಲೋವ್ಯಾಟ್ ಗಂಟೆ, ಅಂದರೆ 36 ಲಕ್ಷ ಜೂಲ್ ಶಕ್ತಿ; ಗೃಹಜ್ಯೋತಿಯಲ್ಲಿ ಎಲ್ಲರ ಬಾಯಲ್ಲಿರುವ 200 ಯೂನಿಟ್ಟೂ ಇದೇ ಅಳತೆ. ನಾವು ದುಡ್ಡು ಕೊಡುವುದು ಶಕ್ತಿಗೆ, ಆಂಪೇರಿಗಲ್ಲ. ಮಗು ಚೀಟಿಯಲ್ಲಿ ಬರೆದ "ಖರ್ಚಾಗುತ್ತದೆ" ಎಂಬ ಪದ ದಡ್ಡತನದ್ದಲ್ಲ. ಅದು ತನ್ನ ಮನೆಯ ಮಾತನ್ನು ನಂಬಿದೆ. ಇದೇ ತೊಡಕು "ತೂಕ" ಎಂಬ ಪದದಲ್ಲಿದೆ, "ಕೆಲಸ" ಎಂಬ ಪದದಲ್ಲಿದೆ, "ಶಾಖ" ಮತ್ತು "ತಾಪ"ದ ನಡುವೆ ಇದೆ. ಚೀಟಿ ಓದುವಾಗ ಮಗು ಯಾವ ಪದ ಬಳಸಿದೆ ಎಂದು ಗುರುತು ಮಾಡಿಕೊಳ್ಳಿ, ತಪ್ಪಿನ ಬೇರು ಹಲವು ಬಾರಿ ಅಲ್ಲಿಯೇ ಸಿಗುತ್ತದೆ.

ಮರುದಿನ ಏನು ಮಾಡಬೇಕು? ಮತ್ತೆ ಅದೇ ವಿವರಣೆಯನ್ನು ಜೋರು ದನಿಯಲ್ಲಿ ಹೇಳಿದರೆ ಉಪಯೋಗವಿಲ್ಲ. ಮೊದಲ ಮತ್ತು ಮೂರನೇ ಜಾತಿಯ ಒಂದೊಂದು ಉತ್ತರವನ್ನು, ಎರಡನೆಯದರ ಒಂದನ್ನು, ಹೆಸರಿಲ್ಲದೆ, ನಿಮ್ಮದೇ ಕೈಬರಹದಲ್ಲಿ ಹಲಗೆಯ ಮೇಲೆ ಬರೆಯಿರಿ. ಚೀಟಿಯನ್ನೇ ಎತ್ತಿ ತೋರಿಸಬಾರದು, ಅಕ್ಷರ ನೋಡಿ ಯಾರದೆಂದು ತರಗತಿ ಕ್ಷಣದಲ್ಲಿ ಹೇಳಿಬಿಡುತ್ತದೆ. ಮೂರು ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ. ಆಮೇಲೆ ಮೇಜಿನ ಮೇಲೆ ಬ್ಯಾಟರಿ, ತಂತಿ, ಬಲ್ಬುಗಳ ಮಂಡಲ ಕಟ್ಟಿ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಲ್ಯಾಬಿನಲ್ಲಿರುವ ಟಾರ್ಚ್ ಬಲ್ಬುಗಳು ನೋಡಲು ಒಂದೇ ಥರ ಇದ್ದರೂ ಒಂದರ ಮೇಲೆ 2.5 ವೋಲ್ಟ್ 0.2 ಆಂಪೇರ್, ಇನ್ನೊಂದರ ಮೇಲೆ 2.5 ವೋಲ್ಟ್ 0.3 ಆಂಪೇರ್ ಎಂದಿರಬಹುದು. ಸರಣಿಯಲ್ಲಿ ಹಾಕಿದರೆ ರೋಧ ಹೆಚ್ಚಿರುವ 0.2ರ ಬಲ್ಬು ಹೆಚ್ಚು ಬೆಳಗುತ್ತದೆ. ಅದು ಅಕಸ್ಮಾತ್ ಅ ಜಾಗದಲ್ಲಿದ್ದರೆ ಮಕ್ಕಳ ತಪ್ಪು ನಂಬಿಕೆಗೆ ನಾವೇ ಸಾಕ್ಷಿ ಒದಗಿಸಿದಂತೆ. ಬಲ್ಬಿನ ಲೋಹದ ಕೊರಳ ಮೇಲಿನ ಸಂಖ್ಯೆಯನ್ನು ಹಿಂದಿನ ದಿನವೇ ಓದಿಟ್ಟುಕೊಳ್ಳಿ. ಒಂದೇ ರೀತಿಯವು ಸಿಗದಿದ್ದರೆ ಬಲ್ಬುಗಳ ಜಾಗ ಅದಲು ಬದಲು ಮಾಡಿ ತೋರಿಸಿ: ಹೊಳಪು ಬಲ್ಬಿನ ಜೊತೆಗೇ ಹೋಗುತ್ತದೆ, ಜಾಗದ ಜೊತೆ ಉಳಿಯುವುದಿಲ್ಲ. ಎರಡನೆಯ ತೊಂದರೆ ಪ್ರವಾಹ ಅಳೆಯುವ ಅಮ್ಮೀಟರಿನದು. ಹಳೆಯ ಎರಡು ಅಮ್ಮೀಟರುಗಳು ಒಂದೇ ಪ್ರವಾಹಕ್ಕೆ ಬೇರೆ ಬೇರೆ ಓದು ತೋರಿಸುತ್ತವೆ, ಮುಳ್ಳು ಸೊನ್ನೆಯಲ್ಲೇ ನಿಂತಿರುವುದಿಲ್ಲ. ಹಾಗಾಗಿ ಒಂದೇ ಅಮ್ಮೀಟರನ್ನು ಮೊದಲು ಬ್ಯಾಟರಿಯ ಧನ ತುದಿ ಮತ್ತು ಅ ಬಲ್ಬಿನ ನಡುವೆ, ಆಮೇಲೆ ಎರಡು ಬಲ್ಬುಗಳ ನಡುವೆ, ಕೊನೆಗೆ ಬ ಬಲ್ಬನ್ನು ದಾಟಿದ ಮೇಲೆ ಜೋಡಿಸಿ ಓದಿಸಿ. ಓದುವುದು ಮೊದಲ ಜಾತಿಯ ಉತ್ತರ ಬರೆದ ಮಕ್ಕಳೇ ಆಗಿರಲಿ, ಆದರೆ ಅವರನ್ನು ಯಾಕೆ ಕರೆದಿರಿ ಎಂದು ಹೇಳಬೇಡಿ.

ಹಾಗಾದರೆ ಖರ್ಚಾದದ್ದು ಏನು ಎಂಬ ಪ್ರಶ್ನೆ ಯಾರಾದರೂ ಎತ್ತುತ್ತಾರೆ, ಎತ್ತದಿದ್ದರೆ ನೀವೇ ಎತ್ತಬೇಕು. ಶಿವನಸಮುದ್ರದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಾಗ ಟರ್ಬೈನಿಗೆ ಎಷ್ಟು ಕಾವೇರಿ ನೀರು ಹೋಯಿತೋ ಅಷ್ಟೇ ನೀರು ಕೆಳಗೆ ನದಿಗೆ ಸೇರಿತು. ನೀರು ಖರ್ಚಾಗಲಿಲ್ಲ, ನೀರಿನ ಎತ್ತರ ಖರ್ಚಾಯಿತು. ಪ್ರವಾಹ ಎಂದರೆ ಆ ನೀರು, ವಿಭವಾಂತರ ಎಂದರೆ ಆ ಎತ್ತರ. ಹೋಲಿಕೆ ಎಲ್ಲ ಕಡೆ ಹೊಂದುವುದಿಲ್ಲ, ಆದರೆ ಈ ಒಂದು ಗಂಟು ಬಿಡಿಸಲು ಸಾಕು.

ಈಗ ಕಾಗದ, ಸಮಯ, ಎಣಿಕೆಯ ಮಾತು. ಒಂದು ಎ4 ಹಾಳೆಯನ್ನು ಮೂರು ಬಾರಿ ಅರ್ಧ ಮಡಿಸಿ ಹರಿದರೆ ಎಂಟು ಚೀಟಿ, ಅಂಗೈಯಗಲ. 45 ಮಕ್ಕಳಿಗೆ ಆರು ಹಾಳೆ, ಮೂರು ಚೀಟಿ ಉಳಿಯುತ್ತದೆ. 500 ಹಾಳೆಯ ಒಂದು ಕಟ್ಟಿಗೆ 4000 ಚೀಟಿ. ಒಂದು ಬದಿ ಖಾಲಿ ಇರುವ ಹಳೆಯ ಸುತ್ತೋಲೆ, ಪ್ರಶ್ನೆಪತ್ರಿಕೆ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳ ನೋಟ್‌ಬುಕ್ಕಿನಿಂದ ಹಾಳೆ ಹರಿಸಬೇಡಿ. ಹಾಳೆ ಎಣಿಸಿ ಬರೆಯುವ ಮನೆಯ ಮಗುವಿಗೆ ಅದು ನಿಜವಾದ ನಷ್ಟ. ಚೀಟಿ ಚಿಕ್ಕದಿರುವುದು ಮುಖ್ಯ. ದೊಡ್ಡ ಹಾಳೆ ಕೊಟ್ಟರೆ ತುಂಬಿಸಬೇಕೆಂಬ ಒತ್ತಡಕ್ಕೆ ಮಕ್ಕಳು ಪಠ್ಯದ ಸಾಲುಗಳನ್ನು ಬಾಯಿಪಾಠದಿಂದ ಸುರಿಯುತ್ತಾರೆ.

40 ನಿಮಿಷದ ಪೀರಿಯಡ್ಡಿನಲ್ಲಿ 33ನೇ ನಿಮಿಷಕ್ಕೆ ಪಾಠ ನಿಲ್ಲಬೇಕು. ಹಲಗೆ ಒರೆಸಿ ಪ್ರಶ್ನೆ ಬರೆಯಲು ಎರಡು ನಿಮಿಷ, ಬರೆಯಲು ನಾಲ್ಕು, ಸಂಗ್ರಹಿಸಲು ಒಂದು. ಕಷ್ಟವಿರುವುದು ಆ 33ನೇ ನಿಮಿಷದಲ್ಲೇ. "ಇದೊಂದು ಲೆಕ್ಕ ಮುಗಿಸಿಬಿಡೋಣ" ಅನ್ನಿಸುತ್ತದೆ, ಮುಗಿಸುವಷ್ಟರಲ್ಲಿ ಗಂಟೆ. ಎದ್ದು ನಿಂತ ಮಕ್ಕಳಿಂದ, ಚೀಲ ಹೆಗಲಿಗೇರಿದ ಮೇಲೆ ಬರೆಸಿದ ಚೀಟಿಗೆ ಅರ್ಥವಿಲ್ಲ. ಬಾಗಿಲಲ್ಲಿ ನಿಂತು ಸಂಗ್ರಹಿಸುವುದು ಚಿತ್ರದಲ್ಲಿ ಚೆಂದ, 45 ಮಕ್ಕಳ ಕೋಣೆಯಲ್ಲಿ ನೂಕುನುಗ್ಗಲು. ಸಾಲಿಗೊಬ್ಬರು ಹಿಂದಿನಿಂದ ಮುಂದಕ್ಕೆ ಕೊಡುತ್ತಾ ಬರಲಿ. ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ಡನ್ನೂ ಬಿಟ್ಟುಬಿಡಿ. ಸಾಂಬಾರಿನ ವಾಸನೆ ಬರುವ ಹೊತ್ತಿಗೆ ಹಸಿದ ಮಗು ಒಂದೇ ಪದ ಬರೆದು ಕೈತೊಳೆಯಲು ಓಡುತ್ತದೆ, ಅದು ಸಹಜ.

ಎಷ್ಟು ಸಲ ಬರೆಸಬೇಕು ಎಂಬುದು ನೀವು ಎಷ್ಟು ಓದಬಲ್ಲಿರಿ ಎನ್ನುವುದರ ಮೇಲೆ. ನಾಲ್ಕು ವಿಭಾಗ, ತಲಾ 45 ಎಂದರೆ 180 ಚೀಟಿ, ದಿನವೂ ಅದನ್ನು ಓದಲು ಯಾರಿಂದಲೂ ಆಗದು. ದಿನಕ್ಕೆ ಒಂದು ವಿಭಾಗ, ವಿಭಾಗಕ್ಕೆ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಒಂದು ಚೀಟಿಗೆ ಹತ್ತು ಸೆಕೆಂಡು ಎಂದರೆ 45ಕ್ಕೆ ಏಳೂವರೆ ನಿಮಿಷ. ಅಂದೇ ಓದಬೇಕು. ಶನಿವಾರ ಒಟ್ಟಿಗೆ ಓದುತ್ತೇನೆ ಎಂದು ಚೀಲದಲ್ಲಿಟ್ಟ ಚೀಟಿ ಅಲ್ಲೇ ಹಳೆಯದಾಗುತ್ತದೆ.

ಓದುವಾಗ ಕೆಂಪು ಪೆನ್ನು ದೂರವಿರಲಿ. ಒತ್ತಕ್ಷರ, ದೀರ್ಘ ತಿದ್ದಬೇಡಿ. ಚೀಟಿಯಲ್ಲಿ ಕಾಗುಣಿತ ತಿದ್ದಲು ಶುರು ಮಾಡಿದರೆ ಮಗು ಮುಂದಿನ ವಾರದಿಂದ ಬರೆಯಲು ಬರುವ ಪದಗಳನ್ನು ಮಾತ್ರ ಬರೆಯುತ್ತದೆ, ಯೋಚಿಸಿದ್ದನ್ನಲ್ಲ. ಮೇಜಿನ ಮೇಲೆ ಮೂರು ರಾಶಿ ಮಾಡಿ: ಕಾರಣ ಸಮೇತ ಸರಿ, ಅರ್ಧ ಸರಿ, ಬೇರೆಯೇ ಅರ್ಥ. ಖಾಲಿ ಬಂದವು ಪಕ್ಕಕ್ಕಿರಲಿ. ಅಂದವಾದ ಕೈಬರಹ ಮೊದಲ ರಾಶಿಗೆ ತಾನಾಗಿ ಜಾರುತ್ತದೆ, ಈ ಬಗ್ಗೆ ಎಚ್ಚರ ಬೇಕು. ಹೆಸರನ್ನು ಚೀಟಿಯ ಹಿಂಬದಿಗೆ ಬರೆಸಿದರೆ ಯಾರದೆಂದು ನೋಡುವ ಮುಂಚೆ ಏನೆಂದು ಓದಿರುತ್ತೀರಿ. ಮೊದಲ ಎರಡು ವಾರ ಹೆಸರೇ ಬೇಡ, ಭಯ ಇಳಿಯಲಿ. ಒಂದು ಹಳೆಯ ಡೈರಿಯಲ್ಲಿ ದಿನಾಂಕ, ಪ್ರಶ್ನೆ, "12–19–11, ಖಾಲಿ 3" ಎಂಬಂತೆ ನಾಲ್ಕು ಅಂಕಿ, ನಾಳೆ ಮಾಡುವುದೇನು ಎಂಬ ಒಂದು ಸಾಲು ಬರೆದಿಟ್ಟರೆ ಸಾಕು. ಬೇರೆ ಅರ್ಥದ ರಾಶಿ ತರಗತಿಯ ಮೂರನೇ ಒಂದು ಭಾಗ ಮೀರಿದರೆ ಇಡೀ ತರಗತಿಗೆ ಬೇರೆ ದಾರಿಯಲ್ಲಿ ಮತ್ತೆ ಕಲಿಸಬೇಕು. ಐದಾರು ಮಕ್ಕಳಾದರೆ ಉಳಿದವರಿಗೆ ಒಂದು ಲೆಕ್ಕ ಕೊಟ್ಟು ಇವರನ್ನು ಮೇಜಿನ ಸುತ್ತ ಕರೆದುಕೊಳ್ಳಿ.

ಅಂಕದ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಚೀಟಿಗೆ ಅಂಕ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಮಗುವಿನ ತಿಳಿವಳಿಕೆಯ ವ್ಯಾಪಕ, ನಿರಂತರ ಮೌಲ್ಯಮಾಪನ ಆಗಬೇಕು ಎನ್ನುತ್ತದೆ. ನಮ್ಮಲ್ಲಿ ಅದು ಪಾಠದ ನಡುನಡುವೆ ನಾಲ್ಕು ರೂಪಣಾತ್ಮಕ, ಕೊನೆಗೆ ಒಟ್ಟಾಗಿ ಅಳೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನ ಎಂಬ ಲೆಕ್ಕವಾಗಿ, ಕಡತವಾಗಿ ಕೂತಿತು. ಚೀಟಿಯನ್ನೂ ಆ ಕಡತಕ್ಕೆ ಸೇರಿಸುವ ಆಸೆ ಬರುತ್ತದೆ, ಸಾಕ್ಷಿ ಸುಲಭವಾಗಿ ಸಿಗುತ್ತದಲ್ಲ. ಸೇರಿಸಿದ ದಿನ ಮಕ್ಕಳು ಪಕ್ಕದವರದ್ದನ್ನು ನೋಡಿ ಬರೆಯಲು ಶುರು ಮಾಡುತ್ತಾರೆ. ಶಿಕ್ಷಣ ಸಂಶೋಧಕಿ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಕೆಲಸಕ್ಕೆ ಬರೀ ಟಿಪ್ಪಣಿ ಬರೆದುಕೊಟ್ಟಾಗ ಮುಂದಿನ ಕೆಲಸ ಸುಧಾರಿಸಿತು; ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಆ ಲಾಭ ಉಳಿಯಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿಯತ್ತ ಕಣ್ಣು ಹೋಗುವುದಿಲ್ಲ, ದೊಡ್ಡವರಾದರೂ ಅಷ್ಟೇ.

ಬರೆಯಲು ಕಷ್ಟಪಡುವ ಮಗುವಿಗೆ ಏನು ಮಾಡಬೇಕು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳು ಒಂದೇ ತರಗತಿಯಲ್ಲಿರುತ್ತಾರೆ. ಬಾಣದ ಗುರುತು ಹಾಕಿದ ಚಿತ್ರವೂ ಉತ್ತರವೇ ಎಂದು ಮೊದಲ ದಿನವೇ ಹೇಳಿ. ಮಂಡಲದ ಪ್ರಶ್ನೆಗೆ ಬಾಣದ ಚಿತ್ರ ಹಲವು ಸಲ ವಾಕ್ಯಕ್ಕಿಂತ ಸ್ಪಷ್ಟ: ಅ ಬಲ್ಬಿನವರೆಗೆ ದಪ್ಪ ಬಾಣ, ಅಲ್ಲಿಂದ ಮುಂದೆ ತೆಳು ಬಾಣ ಎಳೆದಿದ್ದರೆ ಹೇಳಬೇಕಾದ್ದೆಲ್ಲ ಹೇಳಿದ ಹಾಗೆ. ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ ಕನ್ನಡದಲ್ಲಿ ಬರೆದರೂ ನಡೆಯುತ್ತದೆ ಎಂದು ಹೇಳಿ ನೋಡಿ, ಚೀಟಿ ಒಮ್ಮೆಲೇ ಮಾತಾಡತೊಡಗುತ್ತದೆ. ಮೂರು ನಾಲ್ಕು ಮಕ್ಕಳು ಬಾಯಲ್ಲೇ ಹೇಳಲಿ, ನೀವು ಬರೆದುಕೊಳ್ಳಿ.

ಇನ್ನೊಂದು ಮೋಸ ನಮಗೆ ನಾವೇ ಮಾಡಿಕೊಳ್ಳುವಂಥದ್ದು. ಪಾಠ ಮುಗಿದ ಐದು ನಿಮಿಷಕ್ಕೆ ಬರೆದ ಚೀಟಿಯಲ್ಲಿರುವುದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವ ಮಾತು. ಆ ಮಾತು ಉಳಿಯಿತೇ ಎಂದು ಚೀಟಿ ಹೇಳುವುದಿಲ್ಲ. ಅದಕ್ಕೆ ಎಂಟು ಹತ್ತು ದಿನ ಬಿಟ್ಟು, ಬೇರೆ ಪಾಠದ ಮಧ್ಯೆ, ತರಗತಿಯ ಆರಂಭದಲ್ಲಿ ಅದೇ ವಿಷಯವನ್ನು ಬೇರೆ ಬಟ್ಟೆ ತೊಡಿಸಿ ಕೇಳಿ: "ಸರಣಿಯಲ್ಲಿ ಮೂರು ಬಲ್ಬು. ಬ್ಯಾಟರಿಗೆ ಮರಳುವ ತಂತಿಯಲ್ಲಿ ಅಮ್ಮೀಟರ್ ಇಟ್ಟರೆ ಓದು, ಬ್ಯಾಟರಿಯಿಂದ ಹೊರಡುವ ತಂತಿಯಲ್ಲಿ ಇಟ್ಟಾಗಿನದಕ್ಕಿಂತ ಕಡಿಮೆಯೇ, ಸಮವೇ, ಹೆಚ್ಚೇ? ಯಾಕೆ?" ಮೊದಲ ಸಲ ಸರಿ ಬರೆದ ಕೆಲವರು ಈಗ "ಕಡಿಮೆ" ಎನ್ನುತ್ತಾರೆ. ಮನೆಯ ಮಾತು ಹಿಂದಿರುಗಿರುತ್ತದೆ. ಬೇಸರಪಡಬೇಡಿ, ಮೂರನೇ ಬಾರಿಯೂ ಬೇಕಾಗಬಹುದು.

ಪಕ್ಕಕ್ಕಿಟ್ಟ ಖಾಲಿ ಚೀಟಿಗಳಿಗೆ ಬರೋಣ. ಒಂದು ದಿನ ಖಾಲಿ ಬಂದರೆ ಏನೂ ಅಲ್ಲ. ಒಂದೇ ಮಗುವಿನಿಂದ ಮೂರು ವಾರ ಖಾಲಿ ಬಂದರೆ ಸೋಮಾರಿ ಎಂದು ತೀರ್ಮಾನಿಸುವ ಮುಂಚೆ ಆ ಮಗು ಎಲ್ಲಿ ಕೂರುತ್ತದೆ ಎಂದು ನೋಡಿ. ಹಿಂದಿನ ಬೆಂಚು, ಕಿಟಕಿಯ ಬೆಳಕು ಹಲಗೆಯ ಮೇಲೆ ಹೊಳೆಯುವ ಮೂಲೆ ಆಗಿದ್ದರೆ ಪ್ರಶ್ನೆಯೇ ಕಂಡಿರುವುದಿಲ್ಲ. ಉಳಿದ ಹೊತ್ತಿನಲ್ಲಿ ಪಕ್ಕದವರ ನೋಟ್ಸ್ ನೋಡಿ ಬರೆದುಕೊಂಡು ಸಾಗಿರುತ್ತದೆ, ಹೇಳಲು ನಾಚಿಕೆ. ಪ್ರಶ್ನೆಯನ್ನು ಹಲಗೆಯಲ್ಲಿ ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿ, ಮುಂದಿನ ಚೀಟಿಯ ದಿನ ಆ ಮಗುವನ್ನು ಎರಡನೇ ಸಾಲಿಗೆ ಕರೆದು ಕೂರಿಸಿ. ಆಗ ಚೀಟಿ ತುಂಬಿ ಬಂದರೆ ಮನೆಯವರಿಗೆ ಹೇಳಿಕಳಿಸಿ, ಕಣ್ಣು ಪರೀಕ್ಷೆ ಮಾಡಿಸಬೇಕು.